ಹಾಲೂ ಇರಲಿ, ಊಟವೂ ಇರಲಿ

ಕೇಳುಗ ಬಂಧುಗಳಿಗೆ, ಮುಖ್ಯವಾಗಿ ಎಳೆಮಗು ಇರುವ ಮನೆಯ ತಾಯಂದಿರಿಗೂ ಅವರ ಅತ್ತೆಯಂದಿರಿಗೂ ಅವಿನಾಶಿಯಿಂದ ನಮಸ್ಕಾರ. ಅತ್ತೆಯಂದಿರನ್ನು ಬೇಕೆಂದೇ ಸೇರಿಸಿದ್ದೇನೆ. ಮಗುವಿನ ಬಾಯಿಗೆ ಮೊದಲ ತುತ್ತು ಯಾವಾಗ ಹೋಗಬೇಕು, ಎಷ್ಟು ಹೋಗಬೇಕು ಎಂದು ನಮ್ಮ ಮನೆಗಳಲ್ಲಿ ತೀರ್ಮಾನ ಮಾಡುವವರು ಹೆಚ್ಚಾಗಿ ಅವರೇ. ಈಗ ನಾನೂ ಒಬ್ಬ ಅತ್ತೆ.

ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಅಲ್ಲಿಯೇ ನಿವೃತ್ತಳಾದವಳು. ತವರು ಕೊಳ್ಳೇಗಾಲ. 1956ರವರೆಗೆ ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಗಂಡನ ಮನೆ ಇಲ್ಲಿಯ ದೇವಾಂಗ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇಷ್ಟು ಹೇಳಿದ್ದು ಏಕೆಂದರೆ, ಇಂದು ನಾನು ಹೇಳುವ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ.

1984ರಲ್ಲಿ ನನಗೆ ಮೊದಲ ಮಗ ಹುಟ್ಟಿದ. ಹೆರಿಗೆ ರಜೆ ಮೂರು ತಿಂಗಳು. ರಜೆ ಮುಗಿದು ಕೌಂಟರಿನಲ್ಲಿ ಕುಳಿತರೆ ಹನ್ನೊಂದು ಗಂಟೆಗೆಲ್ಲ ಎದೆ ಕಟ್ಟಿಕೊಂಡು ಸೀರೆ ಒದ್ದೆಯಾಗುತ್ತಿತ್ತು. ಸೆರಗು ಹೊದ್ದು ವೋಚರ್ ಬರೆಯುತ್ತಿದ್ದೆ. ಹಾಲು ಹಿಂಡಿ ಇಡಬಹುದು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ, ಕೇಳಲು ನನಗೂ ನಾಚಿಕೆ. ಮನೆಯಲ್ಲಿ ಡಬ್ಬಿ ಹಾಲು, ರಬ್ಬರ್ ಬಾಟಲಿ, ನೀರಿನಂಥ ಗಂಜಿ. ಎರಡೇ ತಿಂಗಳಲ್ಲಿ ನನ್ನ ಹಾಲು ಬತ್ತಿತು. ಮಗುವಿಗೆ ಭೇದಿ ಹಿಡಿದು ಏಳು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿತ್ತು. "ಹಾಲೇ ಸಾಲದ ತಾಯಿ" ಎಂದು ಅಕ್ಕಪಕ್ಕದವರು ಹೇಳಿದರು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಅದು ಸುಳ್ಳು ಎಂದು ತಿಳಿದದ್ದು ಮೊಮ್ಮಗಳು ಹುಟ್ಟಿದ ಮೇಲೆ. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಿನ ಹಾಗಲ್ಲ. ಮಗು ಎಷ್ಟು ಕುಡಿದು ಖಾಲಿ ಮಾಡುತ್ತದೋ ಅಷ್ಟು ಮತ್ತೆ ಊರುತ್ತದೆ. ಕುಡಿಸುವುದು ಕಡಿಮೆಯಾದರೆ ದೇಹವು ಇನ್ನು ಬೇಡವೇನೋ ಎಂದು ತಿಳಿದು ಉತ್ಪತ್ತಿಯನ್ನು ಇಳಿಸುತ್ತದೆ. ನನ್ನ ಹಾಲು ಬತ್ತಿದ್ದಕ್ಕೆ ಕಾರಣ ಇಷ್ಟೇ: ಹಗಲು ಹೊತ್ತು ಯಾರೂ ಅದನ್ನು ತೆಗೆಯಲಿಲ್ಲ.

ಈಗ ವಿಷಯಕ್ಕೆ ಬರೋಣ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ ಸಾಕು. ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಬೇರೆ ನೀರು ಬೇಡ. ಆರು ತಿಂಗಳು ತುಂಬಿದ ಮೇಲೆ ಊಟ ಆರಂಭಿಸಬೇಕು, ಎದೆಹಾಲನ್ನು ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರವೂ ಹೇಳುವುದು ಇದನ್ನೇ. ಹಿಂದೆ "ನಾಲ್ಕರಿಂದ ಆರು ತಿಂಗಳು" ಎನ್ನುತ್ತಿದ್ದರು, 2001ರಿಂದ ಅದು ಆರು ತಿಂಗಳೆಂದು ಖಚಿತವಾಯಿತು. ಆದ್ದರಿಂದ ನಿಮ್ಮ ಅಮ್ಮ ನಾಲ್ಕನೇ ತಿಂಗಳಿಗೇ ತಿನ್ನಿಸಿದ್ದರೆ ಅವರನ್ನು ಬೈಯಬೇಡಿ. ಅವರಿಗೆ ಹೇಳಿಕೊಟ್ಟದ್ದೇ ಹಾಗೆ.

ಆರು ತಿಂಗಳಿಗೆ ಏಕೆ ಊಟ ಬೇಕು? ಬ್ಯಾಂಕಿನವಳು ನಾನು, ಲೆಕ್ಕದಲ್ಲಿ ಹೇಳುತ್ತೇನೆ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸರಾಸರಿ 600 ಕ್ಯಾಲೊರಿಯಷ್ಟು ಶಕ್ತಿ ಬೇಕು. ಅದರಲ್ಲಿ 400 ಎದೆಹಾಲಿನಿಂದ ಬರುತ್ತದೆ, 200 ಊಟದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಊಟದ ಪಾಲು 300 ಆಗುತ್ತದೆ. ವರ್ಷ ತುಂಬಿದ ಮೇಲೆ 550. ಇಲ್ಲಿ ಒಂದು ಮಾತನ್ನು ಗಮನಿಸಿ. ಊಟದ ಪಾಲು ಏರುತ್ತದೆ, ಆದರೆ ಹಾಲಿನ ಪಾಲು ಸ್ವಲ್ಪವೇ ಇಳಿಯುತ್ತದೆ. ಒಂದೂವರೆ ವರ್ಷದ ಮಗುವಿಗೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಎದೆಹಾಲಿನಿಂದಲೇ ಬರಬಲ್ಲದು. ಊಟ ಬಂದದ್ದು ಹಾಲಿನ ಜಾಗ ಹಿಡಿಯಲು ಅಲ್ಲ, ಬೆಳೆದ ಮಗುವಿನ ಹೊಸ ಖರ್ಚಿಗೆ. ತಮಿಳಿನಲ್ಲಿ ಇದಕ್ಕೆ "ಇಣೈ ಉಣವು", ಅಂದರೆ ಜೊತೆಯ ಆಹಾರ ಎನ್ನುತ್ತಾರೆ. ಒಳ್ಳೆಯ ಹೆಸರು.

ಕಬ್ಬಿಣಾಂಶದ ಮಾತೂ ಇದೆ. ಮಗು ಹುಟ್ಟುವಾಗ ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ತೀರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಅದನ್ನು ಊಟವೇ ತರಬೇಕು.

ನಮ್ಮ ಕಡೆ ತಪ್ಪು ಎರಡು ಬಗೆಯಲ್ಲಿ ನಡೆಯುತ್ತದೆ. ಮಗ್ಗದ ಮನೆಯಲ್ಲಿ ತಾಯಿ ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ. ಮಗು ಅತ್ತಾಗಲೆಲ್ಲ ಎದೆಗೆ ಹಾಕಿಕೊಂಡರಾಯಿತು, ಕೆಲಸ ನಿಲ್ಲುವುದಿಲ್ಲ. ಹತ್ತು ತಿಂಗಳಾದರೂ ಊಟ ಎಂದರೆ ಬೆರಳಿನಲ್ಲಿ ನೆಕ್ಕಿಸಿದ ಎರಡು ಅಗುಳು ಅನ್ನ. ಮಗು ದುಂಡಗೇ ಕಾಣುತ್ತದೆ, ಆಮೇಲೆ ನಿಧಾನವಾಗಿ ಬಿಳಿಚಿಕೊಳ್ಳುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವ ತಾಯಿಯ ಮನೆಯಲ್ಲಿ ಇದರ ತಿರುವುಮುರುವು. ಬೆಳಗ್ಗೆ ಎಂಟಕ್ಕೆ ಕಂಪನಿ ವ್ಯಾನು ಬರುತ್ತದೆ. ಅಜ್ಜಿ ಬಾಟಲಿಯಲ್ಲಿ ಗಂಜಿ, ಟೀಯಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟು ಸುಮ್ಮನಿರಿಸುತ್ತಾಳೆ. ಹೊಟ್ಟೆ ತುಂಬಿದ ಮಗು ಸಂಜೆ ತಾಯಿ ಬಂದಾಗ ಎದೆ ಹಿಡಿಯುವುದಿಲ್ಲ. ಹಾಲೂ ಹೋಯಿತು, ಊಟವೂ ಇಲ್ಲ.

ಆ ಗಂಜಿಯ ಲೆಕ್ಕವನ್ನೂ ನೋಡಿಬಿಡೋಣ. ಒಂದು ಲೋಟ ನೀರಿಗೆ ಒಂದು ಚಮಚ, ಅಂದರೆ ಹತ್ತು ಗ್ರಾಂ ಹಿಟ್ಟು ಹಾಕಿ ಕುದಿಸಿದರೆ ಅದರಲ್ಲಿ ಇರುವುದು 35 ಕ್ಯಾಲೊರಿಯೂ ಇರಲಾರದು. 200 ಆಗಬೇಕಾದರೆ ಮಗು ಇಂಥ ಆರು ಲೋಟ ಕುಡಿಯಬೇಕು. ಏಳು ಕಿಲೋ ತೂಕದ ಮಗುವಿನ ಹೊಟ್ಟೆ ಹಿಡಿಸುವುದೇ ಸುಮಾರು ಒಂದು ಲೋಟ. ಅದೇ 50 ಗ್ರಾಂ ರಾಗಿ ಹಿಟ್ಟನ್ನು ದಿನದ ಎರಡು ಹೊತ್ತಿಗೆ ಹಂಚಿ, ಗಟ್ಟಿಯಾಗಿ ಸರಿ ಕಾಯಿಸಿ, ಒಟ್ಟು ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಸೇರಿಸಿದರೆ 200 ಮುಟ್ಟುತ್ತದೆ. ಚಮಚ ಓರೆ ಮಾಡಿದರೆ ಸರ್ರನೆ ಜಾರದೆ ನಿಲ್ಲಬೇಕು, ಅದೇ ಹದ.

ಗಟ್ಟಿ ಮಾಡಿದರೆ ಮಗು ನುಂಗುವುದಿಲ್ಲ ಎನ್ನುತ್ತೀರಾ? ಅದಕ್ಕೂ ನಮ್ಮ ಹಿರಿಯರು ದಾರಿ ಮಾಡಿದ್ದರು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿಕೊಳ್ಳಬೇಕು. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಒಂದು ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಈ ಹಿಟ್ಟಿನ ಸರಿ ಅಂಟಂಟಾಗಿ ಬಿಗಿಯುವುದಿಲ್ಲ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿಗೂ ನುಂಗಲು ಸುಲಭ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣಾಂಶವಿದೆ. ಇಂಥ ಆಹಾರದ ಗುಣಗಳನ್ನು ಅಳೆದು ಪಟ್ಟಿ ಮಾಡಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1958ಕ್ಕೆ ಮುಂಚೆ ಇದ್ದದ್ದು ನಮ್ಮ ಮೇಲಿನ ಬೆಟ್ಟದ ಕೂನೂರಿನಲ್ಲೇ.

ಆದರೆ ರಾಗಿಯೊಂದೇ ಸಾಲದು. 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಕೈಕಾಲು ಊದಿ ಚರ್ಮ ಸುಲಿಯುವ ಮಕ್ಕಳನ್ನು ಕಂಡರು. ತಾಯಿಗೆ ಇನ್ನೊಂದು ಮಗು ಬಂದು, ಹಾಲು ತಪ್ಪಿ, ಮೆಕ್ಕೆಜೋಳದ ಗಂಜಿಯೊಂದರಲ್ಲೇ ಬೆಳೆದ ಮಕ್ಕಳು ಅವು. ಅಲ್ಲಿಯ ಜನ ಆ ಕಾಯಿಲೆಗೆ ಇಟ್ಟಿದ್ದ ಹೆಸರು ಕ್ವಾಷಿಯೋರ್ಕರ್, ತಾಯ ಮಡಿಲು ಬಿಟ್ಟುಕೊಟ್ಟ ಮಗುವಿನ ಕಾಯಿಲೆ ಎಂಬ ಅರ್ಥದ್ದು. ಗಂಜಿ ಹೊಟ್ಟೆ ತುಂಬಿಸಿತ್ತು, ಮೈ ಕಟ್ಟಲಿಲ್ಲ.

ಆದ್ದರಿಂದ ಮೊದಲ ವಾರ ಎರಡು ಮೂರು ಚಮಚ ಸರಿಯಿಂದ ಆರಂಭಿಸಿ, ಒಂದೊಂದಾಗಿ ಬೇರೆಯದನ್ನು ಸೇರಿಸುತ್ತ ಬನ್ನಿ. ಬೇಳೆ ಮಸೆದ ಮೆತ್ತನೆಯ ಅನ್ನ, ಬೆಂದ ಸಿಹಿಕುಂಬಳ, ಬಾಳೆಹಣ್ಣು, ಚೆನ್ನಾಗಿ ಬೇಯಿಸಿದ ಮೊಟ್ಟೆ. ಮನೆಯಲ್ಲಿ ಮಾಂಸ ಮೀನು ತಿನ್ನುವವರಾದರೆ ಅದನ್ನೂ ಬೇಯಿಸಿ ನುಣ್ಣಗೆ ಅರೆದು ಕೊಡಬಹುದು, ಕಬ್ಬಿಣಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ತಿನ್ನದವರು ಬೇಳೆ ಸೊಪ್ಪಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ. ನುಗ್ಗೆಸೊಪ್ಪು ಇಲ್ಲದ ಹಿತ್ತಿಲು ಈ ಊರಿನಲ್ಲಿ ಯಾವುದಿದೆ? ವರ್ಷದೊಳಗೆ ಉಪ್ಪು ಸಕ್ಕರೆ ಸೇರಿಸುವ ಅಗತ್ಯವಿಲ್ಲ, ಜೇನುತುಪ್ಪವಂತೂ ಬೇಡವೇ ಬೇಡ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಊಟ, ಆಮೇಲೆ ಮೂರು ನಾಲ್ಕು. ಕೈ ತೊಳೆದು ತಿನ್ನಿಸಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ. ಅಂಗನವಾಡಿಯಲ್ಲಿ ಕೊಡುವ ಸತ್ತುಮಾವನ್ನು ಎಮ್ಮೆಗೆ ಕಲಸಿಡುವ ಮನೆಗಳನ್ನು ನಾನು ನೋಡಿದ್ದೇನೆ. ಅದು ಮಗುವಿನ ಪಾಲು, ತಂದು ಮಗುವಿಗೇ ಕೊಡಿ.

ಇನ್ನು ಹಾಲು ಮೊದಲೋ ಊಟ ಮೊದಲೋ ಎಂಬ ಪ್ರಶ್ನೆ. ಹೊಟ್ಟೆ ತುಂಬ ಹಾಲು ಕುಡಿಸಿ ಕೂಡಲೇ ಬಟ್ಟಲು ಹಿಡಿದರೆ ಮಗು ಬಾಯಿ ತೆರೆಯುವುದಿಲ್ಲ. ತೀರ ಹಸಿದು ಕಿರುಚುವಾಗ ಚಮಚ ತಂದರೂ ಅಷ್ಟೇ, ಅದಕ್ಕೆ ಬೇಕಾದದ್ದು ಎದೆ. ನಮ್ಮ ಮನೆಯಲ್ಲಿ ಹಾಲು ಕುಡಿದು ಒಂದು ಗಂಟೆ ಆಡಿದ ಮೇಲೆ ಊಟ ಎಂದು ಇಟ್ಟುಕೊಂಡೆವು. ಒಂಬತ್ತು ತಿಂಗಳಾದ ಮೇಲೆ ಊಟ ಮೊದಲು, ಹಾಲು ಆಮೇಲೆ. ಬಾಯಿ ತಿರುಗಿಸಿದರೆ ಮೂಗು ಹಿಡಿದು ಸುರಿಯಬೇಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಹೊಸ ರುಚಿಯನ್ನು ಎಂಟು ಹತ್ತು ಸಲ ಉಗಿದು ಆಮೇಲೆ ಒಪ್ಪಿಕೊಳ್ಳುವ ಮಕ್ಕಳೂ ಉಂಟು.

ಸೊಸೆ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ರಜೆಯ ಲೆಕ್ಕವನ್ನು ನಾನೇ ಹಾಕಿಕೊಟ್ಟೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ಹೆರಿಗೆ ರಜೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಇದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ಹೆರಿಗೆಯ ನಂತರ ಉಳಿಯುವುದು 18 ವಾರ, ನಾಲ್ಕು ತಿಂಗಳು ಚಿಲ್ಲರೆ. ಆರೋಗ್ಯ ಚೆನ್ನಾಗಿದ್ದು ಡಾಕ್ಟರು ಒಪ್ಪಿದರೆ, ಕೊನೆಯ ತನಕ ಕೆಲಸಕ್ಕೆ ಹೋಗಿ ರಜೆಯನ್ನೆಲ್ಲ ಹೆರಿಗೆಯ ನಂತರಕ್ಕೆ ಉಳಿಸಿದರೆ ಆರು ತಿಂಗಳು ಸರಿಯಾಗಿ ಸಿಗುತ್ತದೆ. ಮಗು 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೋಣೆಯೂ ಇರಬೇಕು. ಇದನ್ನು ಕೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ ಹೆಣ್ಣುಮಕ್ಕಳಿಗೆ ಇದೆ, ಆ ಹೆದರಿಕೆ ಪೊಳ್ಳು ಎಂದು ನಾನು ಹೇಳಲಾರೆ. ನಾಲ್ಕೈದು ಜನ ಸೇರಿ ಕೇಳಿದರೆ ಒಬ್ಬಳು ಕೇಳಿದಷ್ಟು ಕಷ್ಟವಿಲ್ಲ. ಸೊಸೆ ಹಾಗೆಯೇ ಮಾಡಿದಳು, ಎರಡರಲ್ಲಿ ಒಂದು ಬಿಡುವು ಸಿಕ್ಕಿತು.

ಆ ಬಿಡುವಿನಲ್ಲಿ ಅವಳು ಕೈಯಿಂದ ಹಾಲು ಹಿಂಡಿ ಹಾಕುತ್ತಿದ್ದಳು. ಊರುವುದು ನಿಲ್ಲಬಾರದಲ್ಲ. ಬೆಳಗ್ಗೆ ಹೊರಡುವ ಮುನ್ನ ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಡುತ್ತಿದ್ದಳು. ನಮ್ಮ ಸೆಕೆಗೆ ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು, ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಒಲೆಯ ಮೇಲೆ ಕಾಯಿಸಬೇಡಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟರೆ ಸಾಕು. ನಾನು ಬಾಟಲಿ ಮುಟ್ಟಲಿಲ್ಲ. ನಮ್ಮ ಅತ್ತೆಯ ಕಾಲದ ಬೆಳ್ಳಿ ಒಳಲೆ ಪೆಟ್ಟಿಗೆಯಲ್ಲಿತ್ತು, ಇಲ್ಲಿಯವರು ಪಾಲಾಡೈ ಎನ್ನುವುದು ಅದನ್ನೇ. ತೊಳೆಯಲು ಸುಲಭ, ಮೂಲೆಯಲ್ಲಿ ಕೊಳೆ ನಿಲ್ಲುವುದಿಲ್ಲ.

ನಮ್ಮ ದಿನ ಹೀಗಿತ್ತು. ಆರು ಗಂಟೆಗೆ ಎದೆಹಾಲು, ವ್ಯಾನು ಬರುವ ಮುಂಚೆ ಇನ್ನೊಮ್ಮೆ. ಒಂಬತ್ತಕ್ಕೆ ರಾಗಿ ಸರಿ. ಹನ್ನೊಂದಕ್ಕೆ ಒಳಲೆಯಲ್ಲಿ ತಾಯಿಯ ಹಾಲು. ಒಂದು ಗಂಟೆಗೆ ಬೇಳೆ ಅನ್ನ, ಸೊಪ್ಪು. ನಾಲ್ಕಕ್ಕೆ ಅರ್ಧ ಬಾಳೆಹಣ್ಣು. ಐದೂವರೆಯ ಮೇಲೆ ನಾನು ಏನೂ ಕೊಡುತ್ತಿರಲಿಲ್ಲ, ಅತ್ತರೂ ಎತ್ತಿಕೊಂಡು ಬೀದಿ ಸುತ್ತಿಸುತ್ತಿದ್ದೆ. ಆರೂವರೆಗೆ ಸೊಸೆ ಬಂದು ಕೈಕಾಲು ತೊಳೆದು ಕುಳಿತರೆ ಮಗು ಹಸಿವಿನಿಂದ ಎದೆ ಹಿಡಿಯುತ್ತಿತ್ತು. ಅಜ್ಜಿಯರೇ, ಈ ಒಂದು ಗಂಟೆಯೇ ನಿಮ್ಮ ಕೈಯಲ್ಲಿರುವುದು. ರಾತ್ರಿ ಮಗು ಎರಡು ಮೂರು ಸಲ ಎದ್ದು ಕುಡಿಯುತ್ತಿತ್ತು. ಸೊಸೆಗೆ ನಿದ್ದೆಗೇಡು ನಿಜ. ಆದರೆ ಹಾಲು ಉಂಟುಮಾಡುವ ಹಾರ್ಮೋನು ರಾತ್ರಿ ಹೊತ್ತು ಹೆಚ್ಚಿರುತ್ತದೆ, ಹಗಲಿನ ನಷ್ಟವನ್ನು ರಾತ್ರಿ ತುಂಬಿಕೊಡುತ್ತದೆ. ಬೆಳಗಿನ ಅಡುಗೆಯನ್ನು ನಾನೂ ಮಗನೂ ವಹಿಸಿಕೊಂಡೆವು.

ಅವಿನಾಶಿಯ ದೇವಸ್ಥಾನದ ಕಥೆ ನಿಮಗೆ ಗೊತ್ತು. ಮೊಸಳೆ ನುಂಗಿದ್ದ ಬಾಲಕನನ್ನು ಸುಂದರಮೂರ್ತಿ ನಾಯನಾರರು ಹಾಡಿ ಕರೆದಾಗ, ಕಳೆದುಹೋದ ವರ್ಷಗಳ ಬೆಳವಣಿಗೆಯೂ ಸೇರಿಯೇ ಹುಡುಗ ಹೊರಬಂದನಂತೆ. ನಮ್ಮ ನಿಮ್ಮ ಮಕ್ಕಳಿಗೆ ಹಾಗೆ ಆಗುವುದಿಲ್ಲ. ಆರು ತಿಂಗಳಿಗೂ ಎರಡು ವರ್ಷಕ್ಕೂ ನಡುವೆ ತಪ್ಪಿದ ಎತ್ತರವನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಕಾರ್ಡಿನ ಗೆರೆ ಎರಡು ತಿಂಗಳು ಮೇಲೇರದೆ ಮಲಗಿದರೆ ಡಾಕ್ಟರಿಗೆ ತೋರಿಸಿ. ಜ್ವರ ಭೇದಿ ಬಂದಾಗ ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕುಡಿಸಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ.

ಮೊಮ್ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ಹಾಲು ಬಿಡಿಸುವ ಮಾತು ಬಂತು. ಬೇವು ಹಚ್ಚೋಣ ಎಂದವಳು ನಾನೇ. ಸೊಸೆ ಒಪ್ಪಲಿಲ್ಲ. ಹಗಲಿನದನ್ನು ಮೊದಲು, ಒಂದು ತಿಂಗಳ ಮೇಲೆ ರಾತ್ರಿಯದನ್ನು, ಹೀಗೆ ಒಂದೊಂದಾಗಿ ಇಳಿಸಿದಳು. ಈಗ ಮೊಮ್ಮಗಳು ರಾಗಿ ಮುದ್ದೆಯನ್ನು ತಾನೇ ಮುರಿದು ತಿನ್ನುತ್ತಾಳೆ, ಅರ್ಧ ನೆಲಕ್ಕೆ, ಅರ್ಧ ಬಾಯಿಗೆ.