ಗಾಡಿ ನಿಲ್ಲಿಸಿದ್ದಕ್ಕೆ ಎಷ್ಟು?

ನನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಹಳದಿ ಚೀಟಿ ಇದೆ. ಅದರ ಮೇಲೆ ಅಚ್ಚಾಗಿರುವುದು 20 ರೂಪಾಯಿ. ನಾನು ಕೊಟ್ಟದ್ದು 60. ಚೀಟಿಯ ಕತೆ ಹೇಳುವ ಮುಂಚೆ ನಮ್ಮೂರಿನ ಗುರುತು ಹೇಳಿಬಿಡುತ್ತೇನೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಚಿನ್ನಮನೂರಿನ ಹತ್ತಿರ, ಮಾರ್ಕಯನ್‌ಕೋಟ್ಟೈ ಅಂತ ನಮ್ಮೂರು. 1895ರಲ್ಲಿ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕುಡಿದು ಬೆಳೆಯುವ ನೆಲ ನಮ್ಮದು. ಈ ಕಣಿವೆಯಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬೀದಿಗೆ ಬಂದರೆ ತಮಿಳು. ನಮ್ಮ ಕನ್ನಡ ಕೇಳಿ ಬೆಂಗಳೂರಿನವರು ನಗುತ್ತಾರೆ, ನಗಲಿ. ಪದ್ಯವನ್ನು ನಾನು ಎರಡು ಭಾಷೆಯಲ್ಲಿ ಬರೆಯುತ್ತೇನೆ. ಲೆಕ್ಕ ಮಾತ್ರ ಯಾವ ಭಾಷೆಯಲ್ಲಿ ಬರೆದರೂ ನಷ್ಟವೇ ತೋರಿಸುತ್ತದೆ.

ಹೋದ ವರ್ಷ ಒಂದು ನಸುಕಿನಲ್ಲಿ ಬಾಡಿಗೆಗೆ ಟಾಟಾ ಏಸ್ ಹಿಡಿದು ಒಂದು ದೊಡ್ಡ ಪಟ್ಟಣದ ಮಂಡಿಗೆ ಹೋದೆವು. (ನಮ್ಮ ಕಡೆ ಆ ಗಾಡಿಗೆ ‘ಕುಟ್ಟಿ ಯಾನೈ’, ಅಂದರೆ ಆನೆಮರಿ ಅಂತಾರೆ.) ಪಟ್ಟಣದ ಹೆಸರು ಬೇಡ. ಕೆಳಗೆ ನನ್ನ ಬಾಳೆಗೊನೆ, ಮೇಲೆ ಬಾವನ ಹತ್ತು ಕ್ರೇಟು ಪನ್ನೀರ್ ದ್ರಾಕ್ಷಿ. 2023ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತಲ್ಲ, ಅದೇ ದ್ರಾಕ್ಷಿ. ಪಟ್ಟ ಸಿಕ್ಕಿದರೇನು, ಬಿಸಿಲು ಏರಿದರೆ ತೊಟ್ಟು ಬಾಡುವುದು ತಪ್ಪುತ್ತದೆಯೇ? ಗಾಡಿ ಓಡಿಸುತ್ತಿದ್ದವನು ತಮ್ಮನ ಮಗ.

ಮಂಡಿಯ ಬೀದಿಗೆ ಬಂದರೆ ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ. ಎರಡೂ ಪಕ್ಕ ಸಾಲಾಗಿ ಕಾರು, ಸ್ಕೂಟರು. ರಾತ್ರಿಯಿಂದ ಅಲ್ಲೇ ಇದ್ದವು, ಮೇಲೆ ಇಬ್ಬನಿ ಕೂತಿತ್ತು. ಅಂಗಡಿಯವರದು, ಮೇಲಿನ ಮನೆಗಳವರದು. ಬೀದಿಯಲ್ಲಿ ನಿಲ್ಲಿಸೋಕೆ ಕಾಸಿಲ್ಲ. ಕಾಸು ಇರುವುದು ಬೀದಿಯ ಕೊನೆಯಲ್ಲಿ ತಂತಿಬೇಲಿ ಹಾಕಿದ ಬಯಲಿಗೆ. ನಾವು ಅಲ್ಲಿಗೇ ಹೋಗಬೇಕಾಯಿತು. ಅಲ್ಲಿಂದ ಮಂಡಿಗೆ ಸರಕನ್ನು ಕೂಲಿಯವರು ತಲೆಮೇಲೆ ಹೊತ್ತರು. ಹರಾಜು ತಡವಾಯಿತು, ದುಡ್ಡು ಎಣಿಸಿಕೊಂಡು ಬರುವಷ್ಟರಲ್ಲಿ ಮೂರು ಗಂಟೆ.

ಗೇಟಿನಲ್ಲಿ ಇಪ್ಪತ್ತು ವರ್ಷದ ಹುಡುಗ ಅರವತ್ತು ಕೇಳಿದ. ದರದ ಬೋರ್ಡು ಎಲ್ಲಪ್ಪಾ ಅಂದೆ. ತೋರಿಸಿದ. ಬೋರ್ಡಿನ ಮೇಲೆ ಯಾರದೋ ಮದುವೆಯ ಪೋಸ್ಟರ್, ಅದರ ಮೇಲೆ ಇನ್ನೊಬ್ಬರ ಕಣ್ಣೀರು ಅಂಜಲಿ. ಚೀಟಿ ಕೇಳಿದೆ. ಕೊಟ್ಟ. ಅದರಲ್ಲಿ 20.

“ಇದು ಒಂದು ಸಲಕ್ಕಾ, ಒಂದು ಗಂಟೆಗಾ?”

“ಅದೆಲ್ಲ ಏಲ ತಗೊಂಡೋರನ್ನ ಕೇಳಿ ಅಯ್ಯಾ. ನನಗೆ ದಿನಾ ಇಷ್ಟು ಕಟ್ಟು ಅಂದಿದಾರೆ.”

ಹಿಂದೆ ಮೂರು ಗಾಡಿ ಹಾರನ್ ಹೊಡೀತಿದ್ದವು. ನಮ್ಮ ಹುಡುಗ ಅಂದ: “ಕೊಟ್ಬಿಡಿ ದೊಡ್ಡಪ್ಪ, ಮತ್ತೆ ಇಲ್ಲಿಗೇ ಬರಬೇಕಲ್ಲ.” ಕೊಟ್ಟೆ.

ಊರಿಗೆ ಬರುವ ದಾರಿಯುದ್ದಕ್ಕೂ ಆ ನಲವತ್ತು ರೂಪಾಯಿ ನನ್ನನ್ನು ತಿಂದಿತು. ಆದರೆ ಆ ಹುಡುಗನನ್ನು ಬೈದು ಏನು ಪ್ರಯೋಜನ? ನಮ್ಮ ಕಡೆ ಸಂತೆಯ ಸುಂಕ, ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡು, ವಾಹನ ನಿಲ್ಲಿಸುವ ಬಯಲು ಎಲ್ಲವೂ ಏಲಕ್ಕೆ ಹೋಗುತ್ತವೆ. ಹೆಚ್ಚು ಕೂಗಿದವನಿಗೆ ವಸೂಲಿಯ ಹಕ್ಕು. ಸ್ಥಳೀಯ ಆಡಳಿತಕ್ಕೆ ದುಡ್ಡು ಮುಂಚೆಯೇ ಬಂದಾಯಿತು, ಸಿಬ್ಬಂದಿ ಖರ್ಚಿಲ್ಲ, ತಲೆನೋವಿಲ್ಲ. ಕೂಗಿದವನಿಗೆ ಇರುವುದು ಒಂದೇ ವರ್ಷವೆಂದರೆ, ಅಷ್ಟರಲ್ಲಿ ಬಂಡವಾಳವೂ ಲಾಭವೂ ಬರಬೇಕು. ಅಚ್ಚಾದ ದರದಲ್ಲಿ ಬಾರದಿದ್ದರೆ ಬಾಯಿಮಾತಿನ ದರದಲ್ಲಿ ಬರಬೇಕು. ಪೋಸ್ಟರಿನಡಿ ಬೋರ್ಡು ಮುಚ್ಚಿಹೋಗುವುದರಿಂದ ಯಾರಿಗೂ ನಷ್ಟವಿಲ್ಲ, ನಮಗೆ ಬಿಟ್ಟು.

ಇದು ನಮ್ಮ ಕಡೆಯದೇ ರೋಗ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲೂ ಮೊದಲು ರಸ್ತೆಬದಿ ಕಾಸು ಕೊಟ್ಟು ನಿಲ್ಲಿಸುವ ಗುತ್ತಿಗೆ ಇತ್ತು. ಗುತ್ತಿಗೆದಾರರು ಮನಸ್ಸಿಗೆ ಬಂದಷ್ಟು ಕೀಳುತ್ತಾರೆ ಎಂಬ ದೂರು ಹೆಚ್ಚಾಗಿ 2000ದ ದಶಕದ ನಡುವಿನಲ್ಲಿ ಅದನ್ನು ತೆಗೆದೇ ಹಾಕಿದರು. ಜನ ಸಂತೋಷಪಟ್ಟರು. ಮುಂದೆ ಏನಾಯಿತೆಂದರೆ ಬೆಳಿಗ್ಗೆ ಬಂದ ಕಾರು ಸಂಜೆತನಕ ಅಲ್ಲೇ ಬೇರು ಬಿಟ್ಟಿತು, ಹತ್ತು ನಿಮಿಷದ ಕೆಲಸಕ್ಕೆ ಬಂದವನು ಅರ್ಧ ಗಂಟೆ ಜಾಗ ಹುಡುಕಿ ಸುತ್ತಿದ. 2020ರಲ್ಲಿ ಕನ್ನಿಂಗ್‌ಹ್ಯಾಮ್ ರಸ್ತೆಯಿಂದ ಮತ್ತೆ ಶುಲ್ಕ ಶುರುವಾಯಿತು, ಈ ಸಲ ಯಂತ್ರದ ಮೂಲಕ. ಆ ಯೋಜನೆಯಲ್ಲಿ ರಸ್ತೆಗಳನ್ನು ಮೂರು ದರ್ಜೆ ಮಾಡಿದರು: ಮೇಲಿನ ದರ್ಜೆಯಲ್ಲಿ ಗಂಟೆಗೆ ಕಾರಿಗೆ 30, ಬೈಕಿಗೆ 15. ಕೆಳಗಿನದರಲ್ಲಿ 15 ಮತ್ತು 5. ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ. “ಅಪ್ಪಾ, ಮಿಷನ್ನು ಜಗಳ ಆಡಲ್ಲ, ಚಿಲ್ಲರೆ ಇಲ್ಲ ಅನ್ನಲ್ಲ” ಅಂತ ಅವಳ ವಾದ. ಸರಿಯೇ. ಆದರೆ ಮಿಷನ್ನಿನ ಮುಂದೆ ಫೋನು ಹಿಡಿಯಲು ಬಾರದ ನನ್ನ ಬಾವನಂಥವನು ನಿಂತರೆ ಅದು ಮಾತೂ ಆಡಲ್ಲ.

ಇಂಥ ಮಿಷನ್ನು ಮೊಟ್ಟಮೊದಲು ನೆಟ್ಟದ್ದು ಅಮೆರಿಕದ ಒಕ್ಲಹೋಮ ನಗರದಲ್ಲಿ, 1935ರ ಜುಲೈನಲ್ಲಿ. ದರ ಐದು ಸೆಂಟು. ಅದನ್ನು ಯೋಚಿಸಿದವನು ಕಾರ್ಲ್ ಮಗೀ ಎಂಬ ಪತ್ರಿಕೆಯವನು. ಪೇಟೆಯ ಜಾಗವೆಲ್ಲ ದಿನವಿಡೀ ಕೆಲಸಗಾರರ ಕಾರಿಗೇ ಹೋಗುತ್ತದೆ, ಕೊಳ್ಳುವವನಿಗೆ ಸಿಗುವುದಿಲ್ಲ ಎಂಬುದೇ ಅಲ್ಲಿಯ ವ್ಯಾಪಾರಿಗಳ ದೂರಾಗಿತ್ತು. ಅಂದರೆ ಶುಲ್ಕ ಹುಟ್ಟಿದ್ದು ಬೊಕ್ಕಸ ತುಂಬಲು ಮಾತ್ರವಲ್ಲ, ಜಾಗ ಖಾಲಿ ಮಾಡಿಸಲು. 2005ರಲ್ಲಿ ಡೊನಾಲ್ಡ್ ಶೂಪ್ ಎಂಬ ಪ್ರೊಫೆಸರು ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಪ್ರತಿ ಬೀದಿಯಲ್ಲಿ ಸದಾ ಒಂದೆರಡು ಜಾಗ ಖಾಲಿ ಉಳಿಯುವಷ್ಟು ದರ ಇಡಿ, ಬಂದ ದುಡ್ಡನ್ನು ಆ ಬೀದಿಗೇ ಖರ್ಚು ಮಾಡಿ ಅಂತ ಅವರ ಮಾತು. ಮಗಳು ಇದನ್ನು ಹೇಳಿದಾಗ ನಕ್ಕೆ. ಪುಕ್ಕಟೆ ಜಾಗಕ್ಕೂ ಬೆಲೆ ಇದೆಯಂತೆ!

ಆಮೇಲೆ ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಬಾಡಿಗೆ, ಕಮಿಷನ್, ಟೀ, ಎಲ್ಲ ಬರೆದಿತ್ತು. ಗಾಡಿ ನಿಲ್ಲಿಸಿದ್ದಕ್ಕೆ 60. ಅದರ ಕೆಳಗಿನ ಸಾಲಿನಲ್ಲಿ, ಬಯಲಿನಿಂದ ಮಂಡಿಗೆ ತಲೆಹೊರೆ ಕೂಲಿ, 350. ಮಂಡಿ ಬಾಗಿಲಲ್ಲಿ ಇಳಿಸಿದ್ದರೆ ಇದರಲ್ಲಿ ಕಾಲುಭಾಗವೂ ಆಗುತ್ತಿರಲಿಲ್ಲ. ಹೊರುವಾಗ ತರಚಿದ ಗೊನೆಗೆ ಬೆಲೆ ಇಳಿದದ್ದು ಬೇರೆ, ಅದನ್ನು ಬರೆದೇ ಇರಲಿಲ್ಲ. ನಲವತ್ತು ರೂಪಾಯಿ ಕಿತ್ತ ಹುಡುಗನನ್ನು ಶಪಿಸುತ್ತಾ ಕೂತಿದ್ದ ನನಗೆ, ಮಂಡಿಯ ಮುಂದೆ ಇಬ್ಬನಿ ಹೊದ್ದು ಪುಕ್ಕಟೆ ಮಲಗಿದ್ದ ಆ ಕಾರುಗಳ ಬಾಡಿಗೆಯನ್ನೂ ನಾನೇ ಕಟ್ಟಿದ್ದೇನೆಂದು ಅವತ್ತೇ ತಿಳಿದದ್ದು.

ಹಾಗಾಗಿ ಶುಲ್ಕವೇ ಬೇಡ ಎಂದು ಕೂಗುವ ನಮ್ಮ ರೈತ ಗೆಳೆಯರ ಜೊತೆ ನಾನಿಲ್ಲ. ಬೀದಿಗೆ ದರ ಹಾಕಲಿ. ಆದರೆ ನಸುಕಿನ ನಾಲ್ಕರಿಂದ ಏಳರವರೆಗೆ ಮಂಡಿ ಬಾಗಿಲು ಸರಕು ಇಳಿಸುವ ಗಾಡಿಗಳಿಗೇ ಇರಲಿ. ಗಂಟೆಯ ದರ ಅಂಗಡಿಗೆ ಬಂದವರಿಗೆ ಸರಿ, ಹರಾಜು ತಡವಾದದ್ದಕ್ಕೆ ಬೆಳೆದವನು ಯಾಕೆ ದಂಡ ಕಟ್ಟಬೇಕು? ನಮಗೆ ಒಂದು ಸಲಕ್ಕೆ ಇಷ್ಟು ಅಂತ ಇಡಲಿ. ಬೋರ್ಡು ಪೋಸ್ಟರು ಅಂಟಿಸಲಾಗದ ಎತ್ತರದಲ್ಲಿರಲಿ. ಬಂದ ಕಾಸಿನಲ್ಲಿ ಆ ಬಯಲಿಗೆ ಒಂದು ನಲ್ಲಿ, ಡ್ರೈವರುಗಳಿಗೆ ಒಂದು ಕಕ್ಕಸು ಕಟ್ಟಿಸಲಿ. ಈಗ ಅಲ್ಲಿ ಇರುವುದು ಬೇಲಿ ಮಾತ್ರ.

ಇಷ್ಟನ್ನೂ ತಮಿಳಿನಲ್ಲಿ ಅರ್ಜಿ ಬರೆದು, ಬಾವನಿಗೆ ಕನ್ನಡದಲ್ಲಿ, ಪಕ್ಕದ ತೋಟದವರಿಗೆ ತೆಲುಗಿನಲ್ಲಿ ಓದಿ ಹೇಳಿ ಸಹಿ ಹಾಕಿಸಿದೆ. ಹಳದಿ ಚೀಟಿಯ ನಕಲು ಲಗತ್ತಿಸೋಣ ಅಂತ ತಮ್ಮನ ಮಗನ ಜೊತೆ ಚಿನ್ನಮನೂರಿಗೆ ಹೋಗಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟು ಇರಲಿಲ್ಲ, ಟೀ ಕುಡಿದು ಪೇಪರು ಓದುತ್ತಾ ಒಂದು ಗಂಟೆ ಕೂತೆವು. ಎದುರಿಗೆ ಬಾಳೆ ತುಂಬಿದ ಗಾಡಿಯವನೊಬ್ಬ ಹಾರನ್ ಒತ್ತಿ ಒತ್ತಿ ಸಾಕಾಗಿ, ಇಳಿದು ಬಂದು, “ಈ ಬೈಕು ಯಾರದು?” ಅಂತ ಕೂಗಿದ.

ನಮ್ಮ ಹುಡುಗ ನನ್ನ ಮುಖ ನೋಡಿದ. ನಾನು ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಬೀಗದಕೈ ಹುಡುಕುತ್ತಾ ಎದ್ದೆ.