ನೀರಿನ ಹಾಸಿಗೆಯ ಸುಖ–ಕಷ್ಟ

ವಾಟರ್ ಬೆಡ್ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಹಳೆಯ ಸಿನಿಮಾಗಳ ಐಷಾರಾಮಿ ಹೋಟೆಲ್ ಕೋಣೆ. ಆದರೆ ನಮ್ಮ ಊರುಗಳಲ್ಲಿ ಅದು ಸಿಗುವುದು ಮೆಡಿಕಲ್ ಅಂಗಡಿಯಲ್ಲಿ. ವಾಕರ್, ಬೆಡ್ ಪ್ಯಾನ್, ಡೈಪರ್‌ಗಳ ಪಕ್ಕದಲ್ಲಿ. ಅದನ್ನು ಕೊಳ್ಳಲು ಹೋಗುವವರು ಸುಖನಿದ್ರೆಗಾಗಿ ಹೋಗಿರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುತ್ತಾರೆ, ಡಾಕ್ಟರು ಚೀಟಿಯಲ್ಲಿ ‘ವಾಟರ್ ಬೆಡ್ ಅಥವಾ ಏರ್ ಬೆಡ್’ ಎಂದು ಬರೆದಿರುತ್ತಾರೆ. ಎರಡರಲ್ಲಿ ಯಾವುದು ಎಂಬ ತೀರ್ಮಾನ ಮನೆಯವರದು.

ನಮ್ಮ ಮನೆಗೂ ಆ ಚೀಟಿ ಬಂದದ್ದು ಅವ್ವನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋದಾಗ. ನಾನಿರುವುದು ಪುಣೆ ಜಿಲ್ಲೆಯ ಕುರಕುಂಭದಲ್ಲಿ. ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ, ದೌಂಡ್ ಜಂಕ್ಷನ್‌ಗೆ ಹತ್ತಿರದ ಕೈಗಾರಿಕಾ ಪ್ರದೇಶ. ಸುತ್ತ ರಾಸಾಯನಿಕ ಕಾರ್ಖಾನೆಗಳು. ಅಂಥ ಕಾರ್ಖಾನೆಗಳ ನಿಯಂತ್ರಣ ವ್ಯವಸ್ಥೆಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಕಲಬುರಗಿ ಕಡೆಯ ನಮಗೆ ದೌಂಡ್ ಒಂದು ಅನುಕೂಲ: ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಊರು. ಆದರೆ ಅವ್ವ ರೈಲು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಇಷ್ಟೇ: ‘ಲಕ್ವಾಕ್ಕಿಂತ ಹೆಚ್ಚಾಗಿ ಬೆನ್ನಿನ ಹುಣ್ಣಿಗೆ ಹೆದರಿ. ಒಮ್ಮೆ ಬಾಯಿ ಬಿಟ್ಟರೆ ಮುಚ್ಚುವುದು ಕಷ್ಟ.’

ಹುಣ್ಣು ಏಕೆ ಆಗುತ್ತದೆ?

ಮಲಗಿದಾಗ ದೇಹದ ಭಾರವೆಲ್ಲ ಕೆಲವೇ ಮೂಳೆಗಳ ಮೇಲೆ ಬೀಳುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಅಲ್ಲಿ ಚರ್ಮ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಸಣ್ಣ ರಕ್ತನಾಳಗಳು ಒತ್ತಿಹೋಗುತ್ತವೆ. ಆರೋಗ್ಯವಂತರು ನಿದ್ದೆಯಲ್ಲೇ ಹೊರಳುತ್ತಾರೆ. ಹೊರಳಲಾಗದವರ ಚರ್ಮ ರಕ್ತವಿಲ್ಲದೆ ಸಾಯತೊಡಗುತ್ತದೆ.

ನೀರಿನ ಹಾಸಿಗೆ ಇಲ್ಲಿ ಸಹಾಯಕ್ಕೆ ಬರುವುದು ಶಾಲೆಯಲ್ಲಿ ಓದಿದ ಪಾಸ್ಕಲ್ ನಿಯಮದಿಂದ. ಒತ್ತಿದ ಕಡೆ ನೀರು ಸರಿಯುತ್ತದೆ, ಒತ್ತಡ ಎಲ್ಲ ಕಡೆ ಹಂಚಿಹೋಗುತ್ತದೆ. ಸೊಂಟ ಸ್ವಲ್ಪ ಮುಳುಗಿದಷ್ಟೂ ತೊಡೆ, ಬೆನ್ನು ಕೂಡ ಭಾರ ಹೊರುತ್ತವೆ. ಈ ಉಪಾಯ ಹೊಸದೇನಲ್ಲ. ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಾಟ್ 1830ರ ದಶಕದಲ್ಲೇ ನೀರಿನ ತೊಟ್ಟಿಯ ಮೇಲೆ ರಬ್ಬರ್ ಲೇಪಿಸಿದ ಬಟ್ಟೆ ಹೊದಿಸಿ ರೋಗಿಗಳನ್ನು ಮಲಗಿಸಿದರು. ಯಾರು ಬೇಕಾದರೂ ಮಾಡಿಕೊಳ್ಳಲೆಂದು ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ. ಸಿನಿಮಾದಲ್ಲಿ ಕಾಣುವ ವಾಟರ್ ಬೆಡ್ ಬಂದದ್ದು ಬಹಳ ತಡವಾಗಿ: 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿದ್ಯಾರ್ಥಿ ಚಾರ್ಲ್ಸ್ ಹಾಲ್ ತಮ್ಮ ಪ್ರಾಜೆಕ್ಟ್‌ಗಾಗಿ ಮಾಡಿದರು, 1971ರಲ್ಲಿ ಪೇಟೆಂಟ್ ಸಿಕ್ಕಿತು. ಅವರು ಮೊದಲು ಚೀಲಕ್ಕೆ ತುಂಬಿ ನೋಡಿದ್ದು ಜೋಳದ ಪಿಷ್ಟವಂತೆ!

ಅಮೆರಿಕದ ಹಾಸಿಗೆ ನಮ್ಮ ಫ್ಲಾಟಿಗೆ ಬೇಡ

ಆರೋಗ್ಯವಂತರೂ ಸುಖಕ್ಕಾಗಿ ಇದನ್ನು ಕೊಳ್ಳಬಹುದೇ ಎಂದು ಗೆಳೆಯರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಆರಡಿ ಉದ್ದ, ಐದಡಿ ಅಗಲ, ಒಂಬತ್ತು ಇಂಚು ಆಳದ ಹಾಸಿಗೆಗೆ ಸುಮಾರು 640 ಲೀಟರ್ ನೀರು ಬೇಕು. ಅಂದರೆ 640 ಕಿಲೋ, ಚದರ ಮೀಟರಿಗೆ 230 ಕಿಲೋ. ಮಂಚ, ಮಲಗುವವರು ಬೇರೆ. ವಾಸದ ಮನೆಯ ಕೋಣೆಗೆ ಭಾರತೀಯ ಮಾನದಂಡ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ ಮಾತ್ರ. ಇಂಜಿನಿಯರನ್ನು ಕೇಳದೆ ಮೂರನೇ ಮಹಡಿಗೆ ತರುವ ವಸ್ತುವಲ್ಲ ಇದು.

ಇನ್ನು ಚಳಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಶಾಖ ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಲಿಯ ಹಾಸಿಗೆಗಳಿಗೆ ಹೀಟರ್ ಇರುತ್ತದೆ. ಅಷ್ಟು ನೀರನ್ನು ಹತ್ತು ಡಿಗ್ರಿ ಬಿಸಿ ಮಾಡಲು ಏಳೂವರೆ ಯೂನಿಟ್ ಕರೆಂಟ್ ಬೇಕು. ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಅಲೆ, ಏಳುವಾಗ ಕೈ ಊರಲು ಗಟ್ಟಿ ಜಾಗವಿಲ್ಲ, ಸೊಂಟ ಹೆಚ್ಚು ಮುಳುಗಿದರೆ ಬೆನ್ನುನೋವು. ದೂಳು ಕೂರುವುದಿಲ್ಲ, ಒರೆಸುವುದು ಸುಲಭ ಎಂಬುದಷ್ಟೇ ಲಾಭ. ಎಳೆಯ ಕೂಸುಗಳನ್ನಂತೂ ಅದರ ಮೇಲೆ ಮಲಗಿಸಲೇಬಾರದು. ಮುಖ ಹೂತು ಉಸಿರು ಕಟ್ಟುವ ಅಪಾಯವಿದೆ.

ನಮ್ಮ ಮನೆಯ ಆಯ್ಕೆ

ಮೆಡಿಕಲ್ ಅಂಗಡಿಯ ವಾಟರ್ ಬೆಡ್ ಇಷ್ಟು ದೊಡ್ಡದಲ್ಲ. ರಬ್ಬರ್ ಬಟ್ಟೆಯ, ಒಬ್ಬರು ಮಲಗುವಷ್ಟು ಉದ್ದದ ಚೀಲ; ಇದ್ದ ಹಾಸಿಗೆಯ ಮೇಲೇ ಹಾಸಿ ನೀರು ತುಂಬಬೇಕು. ನಮ್ಮದಕ್ಕೆ ಹದಿನೈದು ಲೀಟರಿನ ನಾಲ್ಕು ಬಕೆಟ್ ಹಿಡಿಯಿತು. ಏರ್ ಬೆಡ್‌ಗೆ ಪಂಪ್ ಇರುತ್ತದೆ. ಅದರ ಗಾಳಿಕೋಶಗಳು ಕೆಲವು ನಿಮಿಷಕ್ಕೊಮ್ಮೆ ಸರದಿಯಂತೆ ಉಬ್ಬಿ ಇಳಿಯುತ್ತವೆ. ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ. ಹಗುರ, ತಣ್ಣಗಾಗುವುದಿಲ್ಲ. ಆದರೆ ಕರೆಂಟ್ ಬೇಕು, ರಾತ್ರಿಯೆಲ್ಲ ಗುಂಯ್‌ಗುಡುತ್ತದೆ.

ನಮ್ಮಲ್ಲಿ ದುರಸ್ತಿಗೆಂದು ತಾಸುಗಟ್ಟಲೆ ಕರೆಂಟ್ ಹೋಗುವ ದಿನಗಳಿವೆ. ಹೆಂಡತಿಗೂ ನನಗೂ ಬೇರೆ ಬೇರೆ ಪಾಳಿ. ಪಂಪ್ ನಿಂತರೆ ನೋಡುವವರಿಲ್ಲದ ಹೊತ್ತು ಇರುತ್ತಿತ್ತು. ಹಾಗಾಗಿ ಕರೆಂಟಿನ ಹಂಗಿಲ್ಲದ ನೀರಿನದನ್ನೇ ತಂದೆವು. ಮೊದಲ ದಿನ ಮಲಗಿಸಿದಾಗ ಅವ್ವ ಅಂದದ್ದು: ‘ಏನಪಾ ತಮ್ಮಾ, ನನ್ನ ತೆಪ್ಪದ ಮ್ಯಾಲ ಮಲಗಿಸೀದಿ!’ ಎರಡು ರಾತ್ರಿ ತಲೆ ಸುತ್ತುತ್ತದೆ ಎಂದಳು, ಮೂರನೆಯ ರಾತ್ರಿ ನಿದ್ದೆ ಹೋದಳು.

ಬೇಸಿಗೆಯಲ್ಲಿ ಅದು ವರವಾಯಿತು. ನಲವತ್ತು ಡಿಗ್ರಿ ಬಿಸಿಲಿನಲ್ಲೂ ಬೆನ್ನು ತಂಪು. ಡಿಸೆಂಬರ್ ಬಂದಾಗ ಅದೇ ತಂಪು ಶತ್ರುವಾಯಿತು. ಉಗುರು ಬೆಚ್ಚಗಿನ ನೀರು ತುಂಬಿದರೂ ಬೆಳಗಿನ ಜಾವಕ್ಕೆ ಆರಿಹೋಗುತ್ತಿತ್ತು. ಅವ್ವ ಊರಿಂದ ತಂದ ಕೌದಿಯನ್ನು ಕೆಳಗೆ ಹಾಸಲು ಹಟ ಹಿಡಿದಳು. ದಪ್ಪ ಕೌದಿ ಹಾಸಿದರೆ ನೀರಿನ ಮೃದುತ್ವ ಮೈಗೆ ತಾಗುವುದೇ ಇಲ್ಲ. ಕೌದಿ ಮೇಲೆ ಹೊದಿಸಿ, ಕೆಳಗೆ ಒಂದೇ ತೆಳು ಹತ್ತಿ ಬಟ್ಟೆ ಹಾಸುವುದೆಂದು ರಾಜಿಯಾಯಿತು. ಚಳಿ ಹೆಚ್ಚಾದ ಮೇಲೆ ನೀರು ಚೆಲ್ಲಿ, ಆ ಎರಡು ತಿಂಗಳಿಗೆ ಏರ್ ಬೆಡ್ ಬಾಡಿಗೆಗೆ ತಂದೆವು, ಪಂಪಿಗೊಂದು ಇನ್ವರ್ಟರ್ ಸಹಿತ.

ಹಾಸಿಗೆ ಮಾಡದ ಕೆಲಸ

ಯಾವ ಹಾಸಿಗೆ ತಂದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಹಗಲು ಅದನ್ನು ಮಾಡುವವರು ಮಾವಶಿ, ಪಕ್ಕದ ಹಳ್ಳಿಯಿಂದ ಬರುವ ಮರಾಠಿ ಹೆಂಗಸು. ‘ಆಜೀ, ಕೂಸ್ ಬದಲಾ’ ಎನ್ನುತ್ತಿದ್ದರು. ಮರಾಠಿಯಲ್ಲಿ ಕೂಸ್ ಎಂದರೆ ಮಗ್ಗುಲು. ಅವ್ವ ನನ್ನ ಕಡೆ ತಿರುಗಿ, ‘ಆಕಿ ಯಾವ ಕೂಸು ಬದಲ್ ಮಾಡಂತಾಳ? ನನ್ನ ಕೂಸು ನೀನೇ ಅಲ್ಲ?’ ಎಂದು ನಕ್ಕಿದ್ದು ಕಾಯಿಲೆಯ ನಂತರದ ಮೊದಲ ನಗು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಬಲ, ಬೆನ್ನು, ಎಡ ಎಂದು ಹೊತ್ತಿನೊಂದಿಗೆ ಗುರುತು ಹಾಕುತ್ತಿದ್ದೆವು. ಫೋನಿನ ಆ್ಯಪ್‌ಗಿಂತ ಅದೇ ಮೂವರಿಗೂ ಒಗ್ಗಿತು.

ನಾಲ್ಕನೇ ತಿಂಗಳು ಬೆನ್ನಿನ ಬುಡದಲ್ಲಿ ಕಂದು ಗುರುತು ಕಂಡವರೂ ಮಾವಶಿಯೇ. ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಮಾಸದಿದ್ದರೆ ಅದು ಹುಣ್ಣಿನ ಮೊದಲ ಹಂತ. ನಮ್ಮಂಥ ಕಪ್ಪು ಮೈಯವರಲ್ಲಿ ಕೆಂಪು ಕಾಣದೇ ಹೋಗಬಹುದು; ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಇದೆಯೇ ಎಂದು ಮುಟ್ಟಿ ನೋಡಬೇಕು. ಡಾಕ್ಟರಿಗೆ ತೋರಿಸಿದೆವು, ಆ ಜಾಗದ ಮೇಲೆ ಭಾರ ಬೀಳದಂತೆ ಎರಡು ವಾರ ಬರೀ ಮಗ್ಗುಲಲ್ಲೇ ಮಲಗಿಸಿದೆವು. ಹೆಂಡತಿ ರಜೆ ಹಾಕಿದಳು, ರಾತ್ರಿಯ ಸರದಿ ನನ್ನದು. ಬಾಯಿ ಬಿಡದೆ ಮಾಯಿತು.

ಕೊಳ್ಳುವವರಿಗೆ ನಾಲ್ಕು ಮಾತು

ನೀರು ಬಿಗಿಯಾಗಿ ತುಂಬಬೇಡಿ, ಗಾಳಿಗುಳ್ಳೆ ಹೊರಗೆ ಹೋಗಲಿ. ರೋಗಿ ಮಲಗಿದ ಮೇಲೆ ಚೀಲದ ಕೆಳಗೆ, ಸೊಂಟದ ನೇರಕ್ಕೆ ಕೈ ತೂರಿಸಿ ನೋಡಿ. ಮೂಳೆ ಕೈಗೆ ತಗಲಿದರೆ ನೀರು ಸಾಲದು. ಪಿನ್ನು, ಕಾಲುಂಗುರ, ಒಡೆದ ಬಳೆ ಹತ್ತಿರ ಸುಳಿಯದಿರಲಿ. ಪಾಚಿ ಕಟ್ಟದಂತೆ ನೀರು ಆಗಾಗ ಬದಲಿಸಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಿ. ಬೆನ್ನುಮೂಳೆ ಮುರಿದವರಿಗೆ ಡಾಕ್ಟರನ್ನು ಕೇಳದೆ ಬಳಸಬೇಡಿ. ಎದೆ ಒತ್ತಿ ಜೀವ ಉಳಿಸುವ ಸಂದರ್ಭ ಬಂದರೆ ಮೊದಲು ಗಟ್ಟಿ ನೆಲಕ್ಕೆ ಇಳಿಸಿ. ನೀರಿನ ಮೇಲೆ ಒತ್ತಿದ್ದು ಎದೆಗೆ ಮುಟ್ಟುವುದಿಲ್ಲ.

ಎದ್ದು ಕೂರಲು ಕಲಿಯುತ್ತಿರುವವರಿಗೆ ನೀರಿನ ಹಾಸಿಗೆ ತೊಡಕು. ಅವ್ವ ಈಗ ಮಂಚದ ಅಂಚಿನಲ್ಲಿ ಹತ್ತು ನಿಮಿಷ ಕೂರುತ್ತಾಳೆ, ಗಟ್ಟಿ ಹತ್ತಿ ಹಾಸಿಗೆಯ ಮೇಲೆ. ವಾಟರ್ ಬೆಡ್ ಒಣಗಿಸಿ, ಪೌಡರ್ ಹಾಕಿ ಮಡಿಸಿಟ್ಟಿದ್ದೇವೆ. ದೌಂಡ್–ಕುರಕುಂಭದ ಆಸುಪಾಸಿನಲ್ಲಿ ಯಾವ ಮನೆಯಲ್ಲಿ ಬೇಕಾದರೂ ಬಂದು ಒಯ್ಯಬಹುದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕೈಗಳನ್ನು ಮಾತ್ರ ಮೊದಲು ಹೊಂದಿಸಿಕೊಳ್ಳಿ.