ಕಬಡ್ಡಿ ದಾಳಿಯ 30 ಸೆಕೆಂಡು: ಜೀವಕೋಶದ ಇಂಧನ ಮತ್ತು ಓಲೆ

ಕೋಶೀಯ ಉಸಿರಾಟ ನಡೆಯುವುದು ಮೂಗಿನಲ್ಲೂ ಅಲ್ಲ, ಶ್ವಾಸಕೋಶದಲ್ಲೂ ಅಲ್ಲ. ಅನ್ನ, ಮುದ್ದೆ, ರೊಟ್ಟಿಯಲ್ಲಿರುವ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಆ ಗ್ಲೂಕೋಸನ್ನು ಜೀವಕೋಶ ಹಂತಹಂತವಾಗಿ ಒಡೆದು, ಸಿಕ್ಕಿದ ಶಕ್ತಿಯಿಂದ ಎಟಿಪಿ ಎಂಬ ಅಣುವನ್ನು ತಯಾರಿಸಿಕೊಳ್ಳುವ ಕೆಲಸಕ್ಕೆ ಈ ಹೆಸರು. ಕನ್ನಡದಲ್ಲಿ ಗಾಳಿ ಎಳೆದು ಬಿಡುವುದಕ್ಕೂ ಇದಕ್ಕೂ ಉಸಿರಾಟ ಎಂಬ ಒಂದೇ ಮಾತು ಬಳಕೆಯಾಗುವುದರಿಂದ ಪಿಯುಸಿ ವಿದ್ಯಾರ್ಥಿಗಳ ಮೊದಲ ಗೊಂದಲ ಇಲ್ಲೇ ಹುಟ್ಟುತ್ತದೆ. ಎಳೆದುಕೊಂಡ ಆಮ್ಲಜನಕಕ್ಕೆ ನಿಜವಾದ ಕೆಲಸ ಸಿಗುವುದು ಜೀವಕೋಶದ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ, ಅದೂ ಕಟ್ಟಕಡೆಯ ಹಂತದಲ್ಲಿ.

ಎರಡನೆಯ ಗೊಂದಲ ಪಾಠಗಳ ಜೋಡಣೆಯಿಂದ ಬಂದದ್ದು. ಮೊದಲ ಪಿಯುಸಿ ಪುಸ್ತಕದಲ್ಲಿ ಉಸಿರಾಟ ಸಸ್ಯಗಳ ಭಾಗದಲ್ಲಿದೆ. ಹಾರ್ಮೋನುಗಳು ಮತ್ತು ಅವು ಕೋಶಕ್ಕೆ ತಲುಪಿಸುವ ಸಂದೇಶ ಮಾನವ ದೇಹದ ಭಾಗದಲ್ಲಿವೆ. ನಡುವೆ ಹಲವು ಅಧ್ಯಾಯಗಳ ಅಂತರ. ಕೋಶಕ್ಕೆ ಈ ಗೋಡೆ ಗೊತ್ತಿಲ್ಲ. ಎಷ್ಟು ಸಕ್ಕರೆ ಒಡೆಯಬೇಕು, ಯಾವಾಗ ಒಡೆಯಬೇಕು ಎಂಬುದನ್ನು ಬಹುಮಟ್ಟಿಗೆ ಹೊರಗಿನಿಂದ ಬಂದ ಸಂದೇಶ ತೀರ್ಮಾನಿಸುತ್ತದೆ. ಆ ಸಂದೇಶವನ್ನು ಒಳಗೆ ಬರೆಯಲು ಕೋಶ ಬಳಸುವ ಕಾಗದವೂ ಎಟಿಪಿಯೇ. ಎರಡು ಪಾಠಗಳನ್ನು ಒಟ್ಟಿಗೆ ಓದಿದರೆ ಎರಡೂ ಹಗುರಾಗುತ್ತವೆ. ಹಾಗೆ ಓದಲು ಕಬಡ್ಡಿಯ ಒಂದು ದಾಳಿ ಸಾಕು: ಒಂದೇ ಉಸಿರು, 30 ಸೆಕೆಂಡು, ಮೈಯ ಎಲ್ಲ ಬಲ.

ಸ್ನಾಯುವಿನ ಎಳೆಗಳು ಒಂದರ ಮೇಲೊಂದು ಜಾರಿ ಬಿಗಿಯಬೇಕಾದರೆ ಎಟಿಪಿ ಬೇಕು. ಅಡೆನೋಸಿನ್ ಎಂಬ ಭಾಗಕ್ಕೆ ಮೂರು ಫಾಸ್ಫೇಟ್‌ಗಳು ಸಾಲಾಗಿ ಅಂಟಿಕೊಂಡ ಅಣು ಇದು. ಕೊನೆಯ ಫಾಸ್ಫೇಟನ್ನು ನೀರು ಬೇರ್ಪಡಿಸಿದಾಗ ಶಕ್ತಿ ಸಿಗುತ್ತದೆ. ಬಂಧ ಮುರಿದರೆ ಶಕ್ತಿ ಹೊರಚಿಮ್ಮುತ್ತದೆ ಎಂದು ವಿದ್ಯಾರ್ಥಿಗಳು ಬರೆಯುವುದುಂಟು, ಅದು ಸರಿಯಲ್ಲ. ಯಾವ ಬಂಧವನ್ನೇ ಆಗಲಿ ಮುರಿಯಲು ಶಕ್ತಿ ತೆರಬೇಕು. ಪರಸ್ಪರ ದೂಡಿಕೊಳ್ಳುವ ಋಣ ವಿದ್ಯುದಂಶದ ಫಾಸ್ಫೇಟ್‌ಗಳು ಬೇರ್ಪಟ್ಟು, ನೀರಿನೊಡನೆ ಹೊಸ ನಂಟು ಬೆಳೆಸಿ, ಮೊದಲಿಗಿಂತ ನೆಮ್ಮದಿಯ ಸ್ಥಿತಿಗೆ ಬರುವುದರಿಂದ ಲಾಭ ಉಳಿಯುತ್ತದೆ. ಒಂದು ಕ್ಷಣದಲ್ಲಿ ಇಡೀ ದೇಹದಲ್ಲಿರುವ ಎಟಿಪಿ ಹೆಚ್ಚೆಂದರೆ ಒಂದೆರಡು ನೂರು ಗ್ರಾಂ. ದಿನವೊಂದಕ್ಕೆ ಖರ್ಚಾಗುವುದು ಸುಮಾರು ದೇಹದ ತೂಕದಷ್ಟು. ಅಂದರೆ ಅದೇ ಅಣು ದಿನಕ್ಕೆ ನೂರಾರು ಸಲ ಒಡೆದು ನೂರಾರು ಸಲ ಕೂಡುತ್ತದೆ. ಎಟಿಪಿ ಕೂಡಿಟ್ಟುಕೊಳ್ಳುವ ಗಂಟಲ್ಲ, ಕೈಯಿಂದ ಕೈಗೆ ಓಡಾಡುವ ಚಿಲ್ಲರೆ.

ರೇಡರ್ ಮಧ್ಯರೇಖೆ ದಾಟಿದ ಮೊದಲ ಎರಡು ಮೂರು ಸೆಕೆಂಡಿಗೆ ಸ್ನಾಯುವಿನಲ್ಲಿದ್ದ ಎಟಿಪಿಯೇ ಸಾಕು. ಬಳಿಕ ಫಾಸ್ಫೋಕ್ರಿಯಾಟಿನ್ ಎಂಬ ಅಣು ತನ್ನ ಫಾಸ್ಫೇಟನ್ನು ಕೊಟ್ಟು ಇನ್ನಷ್ಟು ಸೆಕೆಂಡು ತಳ್ಳುತ್ತದೆ. ಈ ಅಣುವನ್ನು 1927ರಲ್ಲಿ ಹಾರ್ವರ್ಡ್‌ನಲ್ಲಿ ಗುರುತಿಸಿದವರಲ್ಲಿ ಒಬ್ಬರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಜೊತೆಗಿದ್ದವರು ಸೈರಸ್ ಫಿಸ್ಕ್. 1929ರಲ್ಲಿ ಇದೇ ಜೋಡಿ ಎಟಿಪಿಯನ್ನೂ ಬೇರ್ಪಡಿಸಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಸ್ವತಂತ್ರವಾಗಿ ಅದನ್ನು ಕಂಡರು. ಎಟಿಪಿ ಪಾಠ ಓದುವ ನಮ್ಮ ಮಕ್ಕಳಿಗೆ ಸುಬ್ಬರಾವ್ ಹೆಸರು ಸಿಗದೇ ಹೋಗುವುದು ದೊಡ್ಡ ನಷ್ಟ.

ಹತ್ತು ಸೆಕೆಂಡಿನ ಹೊತ್ತಿಗೆ ಫಾಸ್ಫೋಕ್ರಿಯಾಟಿನ್ ಬಹುಪಾಲು ಕರಗಿರುತ್ತದೆ. ಸ್ನಾಯು ಈಗ ಸಕ್ಕರೆಯನ್ನೇ ನೆಚ್ಚಬೇಕು. ಸಕ್ಕರೆ ಒಳಗೇ ಇದೆ, ಆದರೆ ಗ್ಲೈಕೋಜನ್ ರೂಪದಲ್ಲಿ, ಸಾವಿರಾರು ಗ್ಲೂಕೋಸ್ ಅಣುಗಳು ಕೊಂಬೆಕೊಂಬೆಯಾಗಿ ಹೆಣೆದುಕೊಂಡು ಕೂತಿವೆ. ಅದನ್ನು ಬಿಚ್ಚಬೇಕೆಂಬ ಅಪ್ಪಣೆ ಹೊರಡುವುದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ. ಎದುರಾಳಿಗಳ ಸಾಲು ಕಣ್ಣಿಗೆ ಬೀಳುವ ಮೊದಲೇ, ಹೆಸರು ಕೂಗಿದಾಗಲೇ, ಅವು ರಕ್ತಕ್ಕೆ ಅಡ್ರಿನಲಿನ್ ಸುರಿಸಿರುತ್ತವೆ.

ಅಡ್ರಿನಲಿನ್ ನೀರಿನಲ್ಲಿ ಕರಗುವ ಅಣು. ಕೋಶದ ಪೊರೆ ಕೊಬ್ಬಿನದು. ಆದ್ದರಿಂದ ಈ ಓಲೆಕಾರ ಬಾಗಿಲ ಹೊರಗೇ ನಿಲ್ಲಬೇಕು. ಹೊರಗೆ ನಿಂತವನ ಮಾತು ಒಳಗೆ ತಲುಪುವುದು ಹೇಗೆ ಎಂಬುದನ್ನು ಬಿಡಿಸಿದವರು ಅರ್ಲ್ ಸದರ್ಲ್ಯಾಂಡ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಥಿಯೋಡೋರ್ ರಾಲ್ ಮೊದಲಾದವರೊಡನೆ 1950ರ ದಶಕದಲ್ಲಿ ಅವರು ಮಾಡಿದ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಮೊದಲು ಯಕೃತ್ತಿನ ಕೋಶಗಳನ್ನು ಅರೆದರು. ಆ ರಸಕ್ಕೆ ಅಡ್ರಿನಲಿನ್ ಹಾಕಿದರೆ ಗ್ಲೈಕೋಜನ್ ಒಡೆಯುವ ಕಿಣ್ವ ಚುರುಕಾಯಿತು. ರಸವನ್ನು ಯಂತ್ರದಲ್ಲಿ ತಿರುಗಿಸಿ ಪೊರೆಯ ಚೂರುಗಳನ್ನು ತೆಗೆದು, ತಿಳಿಗೆ ಮಾತ್ರ ಅಡ್ರಿನಲಿನ್ ಹಾಕಿದರೆ ಏನೂ ಆಗಲಿಲ್ಲ. ಬೇಕಾದ ಕಿಣ್ವವೆಲ್ಲ ಆ ತಿಳಿಯಲ್ಲೇ ಇತ್ತು, ಆದರೂ ಮಿಸುಕಲಿಲ್ಲ. ಆಮೇಲೆ ಪೊರೆಯ ಚೂರುಗಳಿಗೆ ಪ್ರತ್ಯೇಕವಾಗಿ ಅಡ್ರಿನಲಿನ್ ಮತ್ತು ಎಟಿಪಿ ಸೇರಿಸಿದರು. ಅಲ್ಲಿ ಹುಟ್ಟಿದ್ದನ್ನು ಕುದಿಸಿ, ಪ್ರೋಟೀನುಗಳೆಲ್ಲ ಕೆಟ್ಟ ಮೇಲೆ, ಆ ನೀರನ್ನು ತಿಳಿಗೆ ಬೆರೆಸಿದರು. ಕಿಣ್ವ ಎದ್ದಿತು. ಕುದಿಸಿದರೂ ಕೆಡದ ಪುಟ್ಟ ಅಣುವೊಂದು ಪೊರೆಯಲ್ಲಿ ತಯಾರಾಗಿ, ಹೊರಗಿನ ಸುದ್ದಿಯನ್ನು ಒಳಗೆ ಒಯ್ಯುತ್ತಿತ್ತು. ಅದೇ ಸೈಕ್ಲಿಕ್ ಎಎಂಪಿ, ಎರಡನೆಯ ಸಂದೇಶವಾಹಕ. ಎಟಿಪಿಯ ಎರಡು ಫಾಸ್ಫೇಟ್ ಕಳಚಿ, ಉಳಿದ ಒಂದನ್ನು ಉಂಗುರದಂತೆ ಮಡಚಿದರೆ ಸಿಗುವ ಅಣು ಅದು. ಸದರ್ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು.

ಪೊರೆಯೊಳಗಿನ ಕೊಂಡಿಗಳು ಸಿಕ್ಕಲು ಇನ್ನಷ್ಟು ವರ್ಷ ಹಿಡಿಯಿತು. ಅಡ್ರಿನಲಿನ್ ಕೂರುವ ಗ್ರಾಹಕ ಪ್ರೋಟೀನು ಪೊರೆಯನ್ನು ಏಳು ಸಲ ಹೊಲಿದಂತೆ ಹಾದುಹೋಗುತ್ತದೆ. ಹಾರ್ಮೋನು ಕೂತೊಡನೆ ಅದರ ಆಕಾರ ಬದಲಾಗಿ, ಒಳಬದಿಯ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ. ಜಿ-ಪ್ರೋಟೀನು ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನು ಎಬ್ಬಿಸುತ್ತದೆ. ಜಿ-ಪ್ರೋಟೀನಿಗಾಗಿ ಮಾರ್ಟಿನ್ ರಾಡ್‌ಬೆಲ್ ಮತ್ತು ಆಲ್ಫ್ರೆಡ್ ಗಿಲ್ಮನ್ 1994ರಲ್ಲಿ, ಗ್ರಾಹಕಕ್ಕಾಗಿ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯನ್ ಕೋಬಿಲ್ಕಾ 2012ರಲ್ಲಿ ನೊಬೆಲ್ ಪಡೆದರು.

ಮುಂದಿನದು ಕೈನೇಸ್ ಎಂಬ ಕಿಣ್ವಗಳ ಸರಪಳಿ. ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸಿ ಅದನ್ನು ಚಾಲೂ ಮಾಡುವುದು ಅವುಗಳ ಕಸುಬು. ಸೈಕ್ಲಿಕ್ ಎಎಂಪಿ ಒಂದು ಕೈನೇಸನ್ನು ಎಬ್ಬಿಸಿದರೆ ಅದು ಇನ್ನೊಂದನ್ನು, ಅದು ಗ್ಲೈಕೋಜನ್ ಒಡೆಯುವ ಕಿಣ್ವವನ್ನು. ಪ್ರತಿ ಮೆಟ್ಟಿಲಲ್ಲೂ ಒಂದು ಕಿಣ್ವ ಹಲವನ್ನು ಎಬ್ಬಿಸುವುದರಿಂದ ಮಾತು ದೊಡ್ಡದಾಗುತ್ತಾ ಹೋಗುತ್ತದೆ. ಒಂದೇ ಒಂದು ಅಡ್ರಿನಲಿನ್ ಅಣುವಿನಿಂದ ಕೊನೆಗೆ 10 ಕೋಟಿಯಷ್ಟು ಸಕ್ಕರೆಯ ಅಣುಗಳು ಬಿಡುಗಡೆಯಾಗಬಲ್ಲವು ಎಂಬುದು ಪಠ್ಯಪುಸ್ತಕಗಳು ಕೊಡುವ ಅಂದಾಜು.

ಆ ಸಕ್ಕರೆ ಸಿಗುವ ರೂಪವೇ ಇಲ್ಲಿ ಸಂದೇಶವನ್ನೂ ಉಸಿರಾಟವನ್ನೂ ಬೆಸೆಯುತ್ತದೆ. ಗ್ಲೈಕೋಜನ್‌ನಿಂದ ಕಳಚಿದ ಗ್ಲೂಕೋಸ್ ಬರಿಗೈಯಲ್ಲಿ ಬರುವುದಿಲ್ಲ, ಒಂದು ಫಾಸ್ಫೇಟ್ ಹೊತ್ತುಕೊಂಡೇ ಬರುತ್ತದೆ. ರಕ್ತದಿಂದ ಬಂದ ಗ್ಲೂಕೋಸಿಗೆ ಕೋಶ ಮೊದಲು ಒಂದು ಎಟಿಪಿ ಖರ್ಚುಮಾಡಿ ಫಾಸ್ಫೇಟ್ ತೊಡಿಸಬೇಕು. ಇಲ್ಲಿ ಆ ಖರ್ಚು ಉಳಿಯಿತು. ಹಾಗಾಗಿ ಗ್ಲೈಕಾಲಿಸಿಸ್‌ನ ನಿವ್ವಳ ಗಳಿಕೆ ರಕ್ತದ ಗ್ಲೂಕೋಸಿನಿಂದ 2 ಎಟಿಪಿ, ಗ್ಲೈಕೋಜನ್‌ನಿಂದ ಬಂದದ್ದರಿಂದ 3.

ಗ್ಲೈಕಾಲಿಸಿಸ್ ನಡೆಯುವುದು ಕೋಶದ್ರವ್ಯದಲ್ಲಿ. ಹತ್ತು ಹೆಜ್ಜೆಗಳಲ್ಲಿ ಆರು ಇಂಗಾಲದ ಗ್ಲೂಕೋಸ್ ಮೂರು ಇಂಗಾಲದ ಎರಡು ಪೈರುವೇಟ್ ಆಗುತ್ತದೆ. ಆಮ್ಲಜನಕದ ಹಂಗಿಲ್ಲ. ಆದರೆ ಒಂದು ತೊಡಕಿದೆ. ದಾರಿಯಲ್ಲಿ ಕಿತ್ತ ಎಲೆಕ್ಟ್ರಾನುಗಳನ್ನು ಹೊರಲು ಎನ್‌ಎಡಿ ಎಂಬ ಹಮಾಲಿ ಬೇಕು. ಹೊರೆ ಹೊತ್ತವನು ಅದನ್ನು ಎಲ್ಲಾದರೂ ಇಳಿಸದೆ ಮತ್ತೆ ಕೆಲಸಕ್ಕೆ ಬರಲಾರ. ರೇಡರ್‌ನ ತೊಡೆಯ ಸ್ನಾಯು ಎಟಿಪಿ ಖರ್ಚುಮಾಡುತ್ತಿರುವ ವೇಗಕ್ಕೆ ಮೈಟೋಕಾಂಡ್ರಿಯಾಗಳು ಸಾಲವು. ಆಗ ಪೈರುವೇಟ್ ತಾನೇ ಆ ಹೊರೆಯನ್ನು ಪಡೆದು ಲ್ಯಾಕ್ಟೇಟ್ ಆಗುತ್ತದೆ, ಹಮಾಲಿ ಹಿಂದಿರುಗುತ್ತಾನೆ. ಹುದುಗುವಿಕೆ ಎಂಬ ಈ ಕ್ರಿಯೆಯ ಉದ್ದೇಶ ಇಷ್ಟೇ.

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನಲ್ಲೂ ನಡೆಯುವುದು ಇದೇ ಸಮಸ್ಯೆಗೆ ಇನ್ನೊಂದು ಪರಿಹಾರ. ಉದ್ದು, ಅಕ್ಕಿಯೊಡನೆ ಬಂದ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಹಿಟ್ಟಿನ ಉಬ್ಬಿಗೆ ಯೀಸ್ಟ್ ಒಂದೇ ಕಾರಣವೆಂದು ಬರೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮನುಷ್ಯನ ಸ್ನಾಯು ಲ್ಯಾಕ್ಟೇಟ್ ಮಾಡುವಾಗ ಅನಿಲ ಬಿಡುವುದಿಲ್ಲ. ಆಟದ ಮರುದಿನ ಕಾಡುವ ಮೈಕೈ ನೋವಿಗೂ ಈ ಲ್ಯಾಕ್ಟೇಟ್ ಕಾರಣವಲ್ಲ; ಅದು ಗಂಟೆಯೊಪ್ಪತ್ತಿನಲ್ಲಿ ರಕ್ತದಿಂದ ಇಳಿದುಹೋಗಿರುತ್ತದೆ.

ದಾಳಿ ಮುಗಿಸಿ ಅಂಗಳಕ್ಕೆ ಮರಳಿದವನು ಏದುಸಿರು ಬಿಡುತ್ತಾನೆ. ಈಗ ಮೈಟೋಕಾಂಡ್ರಿಯಾದ ಸರದಿ. ಪೈರುವೇಟ್ ಒಳಹೊಕ್ಕು ಒಂದು ಇಂಗಾಲವನ್ನು ಕಾರ್ಬನ್ ಡೈಆಕ್ಸೈಡಾಗಿ ಕಳೆದುಕೊಂಡು ಅಸಿಟೈಲ್ ಕೋ-ಎ ಆಗುತ್ತದೆ, ಕ್ರೆಬ್ಸ್ ಚಕ್ರವನ್ನು ಸೇರುತ್ತದೆ. ಹಾನ್ಸ್ ಕ್ರೆಬ್ಸ್ 1937ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಾರಿವಾಳದ ಎದೆಸ್ನಾಯುವನ್ನು ಅರೆದು ಈ ಚಕ್ರವನ್ನು ಬಿಡಿಸಿದರು. ಅವರ ಪತ್ರವನ್ನು ‘ನೇಚರ್’ ಪತ್ರಿಕೆ ಜಾಗವಿಲ್ಲವೆಂದು ಹಿಂದಿರುಗಿಸಿತು. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಚಕ್ರದ ಒಂದೊಂದು ಸುತ್ತಿನ ಹೆಸರುಗಳನ್ನು ಉರುಹೊಡೆಯುವುದಕ್ಕಿಂತ ಅದರ ಉದ್ದೇಶ ತಿಳಿಯುವುದು ಮೇಲು: ಇಂಗಾಲವನ್ನೆಲ್ಲ ಹೊರಗೆ ಕಳಿಸಿ, ಎಲೆಕ್ಟ್ರಾನುಗಳನ್ನು ಎನ್‌ಎಡಿ ಮತ್ತು ಎಫ್‌ಎಡಿಗಳ ಹೆಗಲಿಗೇರಿಸುವುದು.

ಆ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳ ಮೂಲಕ ಮೆಟ್ಟಿಲಿಳಿದು ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಇಳಿಯುವಾಗ ಬಿಟ್ಟ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಆಚೆಗೆ ಪಂಪ್ ಆಗುತ್ತವೆ. ಹಾಗೆ ಆಚೆ ಸೇರಿದ ಪ್ರೋಟಾನುಗಳು ಅಣೆಕಟ್ಟಿನ ನೀರಿನಂತೆ ಹಿಂದಕ್ಕೆ ನುಗ್ಗುವಾಗ ಎಟಿಪಿ ತಯಾರಾಗುತ್ತದೆ ಎಂದು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ಅವರೊಬ್ಬರಿಗೇ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಪೊರೆಯ ಎರಡು ಬದಿಗೆ ಇರುವ ವ್ಯತ್ಯಾಸ ಸುಮಾರು 0.15 ವೋಲ್ಟ್ ಮಾತ್ರ. ಆದರೆ ಪೊರೆಯ ದಪ್ಪ ಮೀಟರಿನ ನೂರು ಕೋಟಿಯಲ್ಲಿ ಐದು ಪಾಲಿನಷ್ಟು. ಮೀಟರಿನ ಲೆಕ್ಕಕ್ಕೆ ಹಿಗ್ಗಿಸಿದರೆ 3 ಕೋಟಿ ವೋಲ್ಟ್. ನುಗ್ಗುವ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಪ್ರೋಟೀನಿನ ನಡುಗಂಬವನ್ನು ನಿಜವಾಗಿಯೂ ಗರಗರ ತಿರುಗಿಸುತ್ತವೆ. ಆ ಕಂಬಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಎಟಿಪಿ ಉಣಿಸಿ, ಅದು ಸುತ್ತುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಒಂದು ಗ್ಲೂಕೋಸಿಗೆ ಎಷ್ಟು ಎಟಿಪಿ ಎಂಬ ಪ್ರಶ್ನೆಗೆ 36 ಅಥವಾ 38 ಎಂಬ ಉತ್ತರ ಬಹುಕಾಲ ನಡೆದುಬಂದಿದೆ. ಪ್ರೋಟಾನುಗಳನ್ನು ಎಣಿಸಿದರೆ ಬೇರೆ ಸಂಖ್ಯೆ ಬರುತ್ತದೆ. ಒಂದು ಎನ್‌ಎಡಿಎಚ್, ಅಂದರೆ ಹೊರೆ ಹೊತ್ತ ಎನ್‌ಎಡಿ, 10 ಪ್ರೋಟಾನುಗಳನ್ನು ಆಚೆ ದಾಟಿಸುತ್ತದೆ. ಒಂದು ಎಟಿಪಿಗೆ, ಸಾಗಣೆಯ ಖರ್ಚೂ ಸೇರಿ, ಸುಮಾರು 4 ಬೇಕು. ಅಂದರೆ ಎನ್‌ಎಡಿಎಚ್‌ಗೆ 2.5, ಎಫ್‌ಎಡಿಎಚ್2ಗೆ 1.5. ಒಟ್ಟು 30ರಿಂದ 32. ಪರೀಕ್ಷೆಗೆ ಪುಸ್ತಕದ ಸಂಖ್ಯೆ ಬರೆಯಬೇಕಾಗಬಹುದು, ಆದರೆ ಎರಡು ಸಂಖ್ಯೆ ಏಕಿವೆಯೆಂದು ತಿಳಿದವರಿಗೆ ಅಧ್ಯಾಯ ಅರ್ಥವಾಗಿದೆ.

ಸಂದೇಶ ಇಲ್ಲಿಗೂ ಬರುತ್ತದೆ. ಸ್ನಾಯುವನ್ನು ಬಿಗಿಸಲು ಬಿಡುಗಡೆಯಾದ ಕ್ಯಾಲ್ಸಿಯಂ ಮೈಟೋಕಾಂಡ್ರಿಯಾದೊಳಗೂ ಇಳಿದು, ಪೈರುವೇಟನ್ನು ಒಳಗೆ ಹದಗೊಳಿಸುವ ಕಿಣ್ವವನ್ನೂ ಕ್ರೆಬ್ಸ್ ಚಕ್ರದ ಎರಡು ಕಿಣ್ವಗಳನ್ನೂ ಚುರುಕುಗೊಳಿಸುತ್ತದೆ. ಕೆಲಸ ಮಾಡು ಎಂಬ ಮಾತೇ ಇಂಧನ ಒದಗಿಸು ಎಂಬ ಮಾತೂ ಹೌದು. ಎಟಿಪಿ ಕಡಿಮೆಯಾಗಿ, ಒಂದೇ ಫಾಸ್ಫೇಟ್ ಉಳಿದ ಎಎಂಪಿ ಹೆಚ್ಚಿದರೆ ಅದೇ ಒಂದು ಸಂಕೇತವಾಗಿ ಗ್ಲೈಕಾಲಿಸಿಸ್ ವೇಗ ಪಡೆಯುತ್ತದೆ. ಆಮ್ಲಜನಕದ ಕೊರತೆಗೂ ಕೋಶದಲ್ಲಿ ಕಾವಲುಗಾರನಿದ್ದಾನೆ. ಎಚ್‌ಐಎಫ್ ಎಂಬ ಪ್ರೋಟೀನು ಆಮ್ಲಜನಕವಿದ್ದಾಗ ಹುಟ್ಟಿದಷ್ಟೂ ನಾಶವಾಗುತ್ತದೆ. ಇಲ್ಲದಾಗ ಉಳಿದು, ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಜೀನುಗಳನ್ನೂ ಗ್ಲೈಕಾಲಿಸಿಸ್ ಕಿಣ್ವಗಳ ಜೀನುಗಳನ್ನೂ ತೆರೆಯುತ್ತದೆ. 2019ರ ವೈದ್ಯಕೀಯ ನೊಬೆಲ್ ಈ ಶೋಧಕ್ಕೆ ಸಂದಿತು.

ಆಟ ನಿಂತ ಮೇಲೆ ಸಂದೇಶವೂ ನಿಲ್ಲಬೇಕು. ಜಿ-ಪ್ರೋಟೀನು ತಾನು ಹಿಡಿದಿದ್ದ ಜಿಟಿಪಿ ಎಂಬ, ಎಟಿಪಿಯನ್ನೇ ಹೋಲುವ ಅಣುವನ್ನು ತಾನೇ ಒಡೆದು ಮಲಗುತ್ತದೆ. ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವ ಸೈಕ್ಲಿಕ್ ಎಎಂಪಿಯ ಉಂಗುರ ಬಿಡಿಸುತ್ತದೆ. ಕೈನೇಸ್‌ಗಳು ಅಂಟಿಸಿದ ಫಾಸ್ಫೇಟ್‌ಗಳನ್ನು ಫಾಸ್ಫಟೇಸ್‌ಗಳು ಕಿತ್ತು ತೆಗೆಯುತ್ತವೆ. ಅತ್ತ ರಕ್ತಕ್ಕೆ ಸೇರಿದ ಲ್ಯಾಕ್ಟೇಟಿನಲ್ಲಿ ಒಂದಷ್ಟನ್ನು ಹೃದಯದ ಸ್ನಾಯು ಉರಿಸಿಕೊಳ್ಳುತ್ತದೆ, ಒಂದಷ್ಟು ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. ಈ ಹಾದಿಯನ್ನು ಗುರುತಿಸಿದವರು ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿ. ಸದರ್ಲ್ಯಾಂಡ್ ಪಳಗಿದ್ದು ಅವರ ಪ್ರಯೋಗಾಲಯದಲ್ಲೇ. ಸ್ನಾಯುವಿಗೆ ಎರಡು ಮೂರು ಎಟಿಪಿ ಕೊಟ್ಟ ಒಂದು ಗ್ಲೂಕೋಸನ್ನು ಮತ್ತೆ ಕಟ್ಟಲು ಯಕೃತ್ತು ಎಟಿಪಿ, ಜಿಟಿಪಿ ಸೇರಿ ಆರು ಅಣುಗಳನ್ನು ತೆರುತ್ತದೆ. ದಾಳಿ ಮುಗಿದ ಎಷ್ಟೋ ಹೊತ್ತಿನವರೆಗೆ ರೇಡರ್‌ನ ಎದೆ ಏರಿಳಿಯುವುದಕ್ಕೆ ಈ ಬಾಕಿಯೂ ಒಂದು ಕಾರಣ.